ಖರ್ರಾ ತುಂಬಿದ ಬಾಯಿ

ನನ್ನ ಅಂದಿನ ಬಾಯಿಯನ್ನು ನೆನೆದರೆ ನನಗೇ ವಾಕರಿಕೆ ಬರುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಾಗಪುರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಎಡಗೆನ್ನೆಯಲ್ಲಿ ಖರ್ರಾ. ಅಡಿಕೆ ಚೂರು, ತಂಬಾಕು, ಸುಣ್ಣ ಮೂರನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಪಾನ್ ಅಂಗಡಿಯವನು ಹಲಗೆಯ ಮೇಲೆ ಗಸಗಸ ತಿಕ್ಕಿ ಕಟ್ಟಿಕೊಡುವ ಪುಡಿಕೆ ಅದು. ದಿನಕ್ಕೆ ಎಂಟಾದರೂ ಬೇಕು. ರಸ ಚೆಲ್ಲದಂತೆ ಗದ್ದ ಮೇಲೆತ್ತಿಕೊಂಡೇ ಪ್ರಮೇಯ ಕಲಿಸುತ್ತಿದ್ದೆ. ತರಗತಿಯ ಕಿಟಕಿಯ ಕೆಳಗಿನ ಗೋಡೆಯೆಲ್ಲ ನನ್ನ ಉಗುಳಿನಿಂದ ಕಂದಾಗಿತ್ತು. ಬಣ್ಣ ಬಳಿಯಲು ಬಂದವನು ಅದನ್ನು ನೋಡಿ ಬೈದಾಗ, ಬೇರೆ ಯಾರಿಗೋ ಅಂದನೆಂಬಂತೆ ನಿಂತಿದ್ದೆ.

ಇದೊಂದು ಚಟ ಎಂದು ನನಗೂ ಅನ್ನಿಸಿರಲಿಲ್ಲ, ಮನೆಯವರಿಗೂ ಅನ್ನಿಸಿರಲಿಲ್ಲ. ಧಾರವಾಡದ ಕಡೆಯವರಾದ ನಮ್ಮ ಮನೆಯಲ್ಲಿ ಚಟ ಅಂದರೆ ಶೆರೆ ಕುಡಿಯುವುದು, ಅಷ್ಟೇ. ಶ್ರಾವಣ ಸೋಮವಾರ ಹಾಲು ಹಣ್ಣಿನ ಮೇಲಿರುತ್ತಿದ್ದ ಅವ್ವ ನನ್ನ ಉಬ್ಬಿದ ಕೆನ್ನೆ ನೋಡಿ, "ಅದರಾಗ ಏನು ಅಕ್ಕಿ ಐತೋ, ಗೋಧಿ ಐತೋ? ಉಪಾಸಕ್ಕ ನಡೀತೈತಿ ಬಿಡು," ಎಂದು ತೀರ್ಪು ಕೊಟ್ಟಿದ್ದಳು. ದೇವರ ಪರವಾನಗಿಯೇ ಸಿಕ್ಕ ಮೇಲೆ ಇನ್ನು ಕೇಳುವವರಾರು!

ನಮ್ಮ ಶಾಲೆಯ ಮರಾಠಿ ಮಾಸ್ತರರು ಕುಡಿಯುತ್ತಿದ್ದರು. ವ್ಯಸನಮುಕ್ತಿ ಕೇಂದ್ರದಲ್ಲಿ ಒಂದು ತಿಂಗಳಿದ್ದು ಅವರು ವಾಪಸ್ ಬಂದ ದಿನ, ಸ್ಟಾಫ್ ರೂಮಿನಲ್ಲಿ ಎಲ್ಲರೆದುರು "ಆ ಗಯೇ ಸಾಧು ಮಹಾರಾಜ್," ಬಂದರು ನೋಡಿ ಸಾಧುಗಳು, ಎಂದು ನಾನು ಕೈಮುಗಿದೆ. ನಗುವಾಗ ನನ್ನ ಬಾಯಿಯ ಕೆಂಪು ಎಂಜಲು ಅವರ ಬಿಳಿ ಅಂಗಿಗೆ ಸಿಡಿಯಿತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವ ಜಾತಿ ನನ್ನದು. ಅವರು ಕರವಸ್ತ್ರದಿಂದ ಒರೆಸಿಕೊಂಡು ತರಗತಿಗೆ ಹೋದರು.

ಎರಡು ವರ್ಷದ ಮೇಲೆ, ಒಂದು ಸಂಜೆ, ಪಾನಿಪೂರಿ ನನ್ನ ಬಾಯೊಳಗೆ ಹೋಗಲಿಲ್ಲ. ಖಾರ ತಾಗಿದರೆ ಕೆನ್ನೆಯೊಳಗೆ ಬೆಂಕಿ. ಮರುದಿನ ಹಲ್ಲಿನ ಡಾಕ್ಟರು ಮೂರು ಬೆರಳು ಒಂದರ ಮೇಲೊಂದು ಬರುವಂತೆ ಹಲ್ಲುಗಳ ನಡುವೆ ಇಡಲು ಹೇಳಿದರು. ಎರಡೇ ಹೋದವು. ಕೆನ್ನೆಯ ಒಳಗೆಲ್ಲ ಬಿಗಿದುಕೊಂಡಿದೆ, ಕಳೆದದ್ದು ಪೂರ್ತಿ ವಾಪಸ್ ಬರುವುದಿಲ್ಲ, ಬಿಡದಿದ್ದರೆ ಬಾಯಿ ಇನ್ನೂ ಮುಚ್ಚಿಕೊಳ್ಳುತ್ತದೆ, ಕ್ಯಾನ್ಸರಿಗೂ ತಿರುಗಬಹುದು ಎಂದರು. ಹೊರಗೆ ಬಂದವನು ಆ ಗಾಬರಿಗೇ ಒಂದು ಖರ್ರಾ ಹಾಕಿಕೊಂಡೆ.

ಆ ಸಂಜೆ ಹೆಂಡತಿಯ ಮುಂದೆ ಆಣೆ ಮಾಡಿ, ಇದ್ದ ಪುಡಿಕೆಗಳನ್ನು ಅಡುಗೆಮನೆಯ ಕಸದ ಬುಟ್ಟಿಗೆ ಎಸೆದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಬುಟ್ಟಿಗೆ ಕೈಹಾಕಿದೆ. ಚಹಾದ ಗಸಿ, ಕೊಳೆತ ಟೊಮೆಟೊ, ಮಗಳ ತಲೆಗೂದಲಿನ ಉಂಡೆ. ಅದರೊಳಗಿಂದ ಒಂದು ಪುಡಿಕೆ ಎಳೆದು, ಲುಂಗಿಗೆ ಒರೆಸಿ, ಬಾಯಿಗೆ ಹಾಕಿಕೊಂಡೆ. ತಿರುಗಿದರೆ ಬಾಗಿಲಲ್ಲಿ ಎಂಟು ವರ್ಷದ ಮಗಳು. ಅವಳು ಹೊರಗೆ ಹೋದಳು. ಛೀ, ಬೀದಿನಾಯಿಯೂ ಮೂಸಿ ನೋಡಿ ತಿನ್ನುತ್ತದೆ.

ಮನೀಶ್ ನಗರದಲ್ಲಿದ್ದ ಮರಾಠಿ ಮಾಸ್ತರರ ಮನೆಗೆ ಆವತ್ತೇ ಹೋದೆ. ನನ್ನ ಕಥೆಯೆಲ್ಲ ಕೇಳಿ ಅವರು, "ಅಭೀ ಮುಂಹ್ ಮೇಂ ಕ್ಯಾ ಹೈ?" ಎಂದರು. ಈಗ ಬಾಯಲ್ಲಿ ಏನಿದೆ ಎಂಬ ಪ್ರಶ್ನೆಗೆ ಉತ್ತರಿಸಲು ನಾನು ಹೊರಗೆ ಹೋಗಿ ಉಗುಳಿ ಬರಬೇಕಾಯಿತು. ಅವರು ನಗಲಿಲ್ಲ. ನಗಬೇಕಿತ್ತು, ನಾನಾಗಿದ್ದರೆ ನಗುತ್ತಿದ್ದೆ.

ಅವರೇ ಕೇಂದ್ರಕ್ಕೆ ಕರೆದೊಯ್ದರು. ಆಣೆ ಪ್ರಮಾಣದಿಂದ ಬಿಡುವ ಕಾಯಿಲೆಯಲ್ಲ ಇದು, ಮೆದುಳಿಗೇ ಅಭ್ಯಾಸ ಹತ್ತಿಬಿಟ್ಟಿದೆ ಎಂದರು ಅಲ್ಲಿನ ಸಲಹೆಗಾರ್ತಿ. ಡಾಕ್ಟರು ಮಾತ್ರೆ ಕೊಟ್ಟರು. ಹಲ್ಲಿನ ನಡುವೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದೊಂದಾಗಿ ಹೆಚ್ಚಿಸಿ ಬಾಯಿ ತೆರೆಯುವ ವ್ಯಾಯಾಮ, ವಾರಕ್ಕೊಮ್ಮೆ ಕುಡುಕರ ಜೊತೆ ಕೂತು ಮಾತು. ಚಡಪಡಿಕೆ ಎದ್ದಾಗ ನೀರು ಕುಡಿದು ಹತ್ತು ನಿಮಿಷ ತಳ್ಳಿ, ಇಳಿಯುತ್ತದೆ; ಜಾರಿದರೆ ಮಾತ್ರ ಮುಚ್ಚಿಡಬೇಡಿ, ಎದ್ದು ಇಲ್ಲಿಗೇ ಬನ್ನಿ ಎಂದರು ಸಲಹೆಗಾರ್ತಿ.

ಮೂರನೇ ವಾರ ಮನೆಯವರನ್ನು ಕರೆತರಲು ಹೇಳಿದ್ದರು. ಹೆಂಡತಿ ಒಂದಿಷ್ಟು ಅತ್ತಳು. ಸಲಹೆಗಾರ್ತಿ ಮಗಳನ್ನು ಮರಾಠಿಯಲ್ಲಿ ಕೇಳಿದರು: ನಿನಗೆ ಏನು ತ್ರಾಸಾಗುತ್ತದೆ ಮಗು? ಹೊರಗೆಲ್ಲ ಮರಾಠಿಯನ್ನೇ ಆಡುವವಳು ಆ ಮಾತನ್ನು ಮಾತ್ರ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು. "ಅಪ್ಪಾ ಲೆಕ್ಕಾ ಹೇಳಿಕೊಡುವಾಗ ನಾ ಉಸರು ಹಿಡಕೊಂಡ ಕೂಡ್ತೀನಿ."

ಸಲಹೆಗಾರ್ತಿಗೆ ಅರ್ಥವಾಗಲಿಲ್ಲ. ಏನಂದಳು ಎಂದು ನನ್ನನ್ನು ಕೇಳಿದರು. ಅಪ್ಪ ಇದನ್ನು ಬಿಡಬೇಕಂತೆ ಎಂದೆ. ಅಲ್ಲಿಯೂ ಸುಳ್ಳು! ಮಗಳು ಸ್ವಚ್ಛ ಮರಾಠಿಯಲ್ಲಿ, ನಾನು ಹಾಗೆ ಹೇಳಲೇ ಇಲ್ಲ ಎಂದಳು. ಆಗ ಅವಳ ಮಾತನ್ನು ನನ್ನ ಬಾಯಿಂದಲೇ ಇದ್ದಂತೆ ಹೇಳಬೇಕಾಯಿತು. ಹೇಳುತ್ತಿರುವಾಗ ಇಷ್ಟು ವರ್ಷ ಮೊದಲ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಮಕ್ಕಳೆಲ್ಲ ಕಣ್ಣ ಮುಂದೆ ಬಂದರು. ನನ್ನ ಬಾಯಿಯ ನಾತಕ್ಕೆ ತಗ್ಗಿದ ಆ ತಲೆಗಳನ್ನು ನಾನು ಮರ್ಯಾದೆ ಎಂದುಕೊಂಡಿದ್ದೆ.

ನಾಲ್ಕು ತಿಂಗಳು ಮುಟ್ಟಲಿಲ್ಲ. ಆಮೇಲೆ ಒಂದು ಮದುವೆಯಲ್ಲಿ ಯಾರೋ ಕೊಟ್ಟರು, ತಿಂದೆ. ಮನೆಗೆ ಬಂದು ಎರಡು ಸಲ ಹಲ್ಲುಜ್ಜಿ, ಏಲಕ್ಕಿ ಜಗಿದು, ಏನೂ ಆಗದವನಂತೆ ಮಗಳ ಪಕ್ಕ ಲೆಕ್ಕಕ್ಕೆ ಕೂತೆ. ಭಿನ್ನರಾಶಿಯ ಮೊದಲ ಸಾಲು ಬರೆಯುವಷ್ಟರಲ್ಲಿ ಅವಳು ಉಸಿರು ಹಿಡಿದುಬಿಟ್ಟಳು. ಅವಳು ನನ್ನ ಮುಖ ಕೂಡ ನೋಡಲಿಲ್ಲ, ಕೆನ್ನೆ ಉಬ್ಬಿಸಿಕೊಂಡು ಅಂಕಿಗಳನ್ನೇ ನೋಡುತ್ತಿದ್ದಳು. ನಾನು ಪೆನ್ಸಿಲ್ ಕೆಳಗಿಟ್ಟು, ಅವಳು ಉಸಿರಾಡಲಿ ಎಂದು ಎದ್ದು ದೂರ ಹೋಗಿ ನಿಂತೆ. ಅಲ್ಲಿಂದಲೇ, "ಇವತ್ತ ತಿಂದೀನಿ, ನಾಳೆ ಕೇಂದ್ರಕ್ಕ ಹೋಗ್ತೀನಿ," ಎಂದು ಅವಳಿಗೆ ಹೇಳಿದೆ.