ಬಾಯಿ ಮುಚ್ಚಿಕೊಂಡ ಪ್ರೋಗ್ರಾಮು

ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಕಾಲದಿಂದಲೂ ಅವಳನ್ನು ಎಲ್ಲರೂ ಸೀಟಿ ಅಂತಲೇ ಕರೆಯುತ್ತಿದ್ದರು. ಮುಷ್ಕರದಲ್ಲಿ ಕೆಲಸ ಹೋಯಿತು, ಹೆಸರು ಹೋಗಲಿಲ್ಲ. ಆಮೇಲೆ ಯೂನಿಯನ್ ಕಚೇರಿಯ ಮೂಲೆಯಲ್ಲಿ, ಒಂದು ಕಾಲಿಗೆ ರಟ್ಟು ಕೊಟ್ಟ ಮೇಜಿನ ಮುಂದೆ ಕೂತು, ತನ್ನನ್ನೇ ಬೈದುಕೊಳ್ಳುತ್ತ ಪ್ರೋಗ್ರಾಮು ಬರೆಯುವುದನ್ನು ಕಲಿತಳು.

ಈಗ ಅವಳ ಮೈದುನನ ನೌಕರಿಗೆ ಕುತ್ತು ಬಂದಿತ್ತು. ಬಸ್ಸು ಓಡಿಸುತ್ತ ತೂಕಡಿಸಿ ದೀಪದ ಕಂಬಕ್ಕೆ ಗುದ್ದಿದ್ದ. ಕುಡಿದಿದ್ದ ಎನ್ನಲು ಆಗದೆ ಕಂಪನಿ ಬೇಜವಾಬ್ದಾರಿ ಎಂದಿತು. ಮಲಗಲು ಬಿಡುವನ್ನಾದರೂ ಕೊಟ್ಟಿದ್ದಿರಾ ಎಂದು ಯೂನಿಯನ್ ಕೇಳಿತು. ಡ್ಯೂಟಿ ಪಟ್ಟಿ ಓದಿ, ಪಾಳಿಗಳ ನಡುವೆ ನಿಯಮದಷ್ಟು ವಿಶ್ರಾಂತಿ ಸಿಗದ ದಿನಗಳನ್ನು ಹೆಕ್ಕಿ ತೋರಿಸುವ ಪ್ರೋಗ್ರಾಮನ್ನು ಸೀಟಿ ಬರೆದಳು. ಬಟನ್ನು, ಬಣ್ಣ ಏನೂ ಇಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಕಮಾಂಡ್ ಕೊಟ್ಟರೆ ಕೆಳಗೇ ಉತ್ತರ. ಅದರ ಉತ್ತರವನ್ನು ಸಾಕ್ಷ್ಯವಾಗಿ ನೋಡಲು ವಿಚಾರಣಾಧಿಕಾರಿ ಒಪ್ಪಿದ. ಆದರೆ ಅದು ತನ್ನ ಕಚೇರಿಯ ಕಂಪ್ಯೂಟರಿನಲ್ಲೇ, ತನ್ನ ಕಣ್ಣೆದುರೇ ಓಡಬೇಕೆಂದ.

ಸೀಟಿ ಉತ್ತರ ಮೊದಲೇ ಗೊತ್ತಿರುವ ಸುಳ್ಳು ಪಟ್ಟಿಗಳನ್ನು ಮಾಡಿ ಪರೀಕ್ಷಿಸಿದಳು. ಎಲ್ಲ ಪಾಸು. ಬೇಕಾದ ಫೈಲುಗಳನ್ನೆಲ್ಲ ಒಂದೇ ಗಂಟು ಮಾಡಿ, ಒಂದೇ ಕಮಾಂಡಿಗೆ ಇನ್‌ಸ್ಟಾಲ್ ಆಗುವಂತೆ ಪ್ಯಾಕೇಜು ಕಟ್ಟಿದಳು. ಬೇರೆ ಕಂಪ್ಯೂಟರಿಗೆ ಒಂದ್ಸಲ ಹಾಕಿ ನೋಡಬಾರದಾ ಎಂದು ಮೈದುನ ಕೇಳಿದ್ದಕ್ಕೆ, ನೀನು ಕಂಬ ನೋಡ್ಕೊಂಡು ಓಡಿಸು ಎಂದು ಬಾಯಿ ಮುಚ್ಚಿಸಿದಳು. ಆದರೂ ಮಾತು ಚುಚ್ಚುತ್ತಲೇ ಇತ್ತು. ವಿಚಾರಣೆಯ ಹಿಂದಿನ ದಿನ ಅವನನ್ನೇ ಕರೆದುಕೊಂಡು ಜೆರಾಕ್ಸ್ ಅಂಗಡಿಗೆ ಹೋದಳು.

ಅಲ್ಲಿನ ಕಂಪ್ಯೂಟರಿನಲ್ಲಿ ತಕರಾರಿಲ್ಲದೆ ಇನ್‌ಸ್ಟಾಲ್ ಆಯಿತು. ಮೈದುನನ ಪಟ್ಟಿ ಕೊಟ್ಟಳು. ‘ಲೋಪ ಕಂಡುಬಂದಿಲ್ಲ’ ಎಂದು ಬಂತು.

“ಅತ್ತಿಗೆ, ಇದು ಕಂಪನಿ ಕಡೆ ಸೇರ್ಕೊಂಡ್ಬಿಡ್ತಲ್ಲ.”

“ಪ್ರಿಂಟ್ ತೆಗೀಲಾ ಅಕ್ಕಾ?” ಎಂದ ಅಂಗಡಿಯವನು.

ವಿಶ್ರಾಂತಿಯ ನಿಯಮಗಳು ಬೇರೆಯದೇ ಫೈಲಿನಲ್ಲಿದ್ದವು. ಅವಳ ಕಂಪ್ಯೂಟರಿನಲ್ಲಿ ಆ ಫೈಲು ಪಕ್ಕದಲ್ಲೇ ಬಿದ್ದಿರುತ್ತಿದ್ದರಿಂದ ಪ್ರತಿಸಲವೂ ಸಿಗುತ್ತಿತ್ತು. ಪ್ಯಾಕೇಜಿಗೆ ಅದನ್ನು ಸೇರಿಸುವುದನ್ನೇ ಮರೆತಿದ್ದಳು. ಮರೆವು ಯಾರಿಗಿಲ್ಲ, ಅದು ಹೋಗಲಿ. ಫೈಲು ಸಿಗದಿದ್ದರೆ ಪ್ರೋಗ್ರಾಮು ನಡುವೆ ನಿಂತು ಮಾನ ಕಳೆಯದಿರಲೆಂದು, ಬೇಕಾದ ವಿಶ್ರಾಂತಿ ಸೊನ್ನೆ ಎಂದುಕೊಂಡು ಮುಂದೆ ಹೋಗು ಎಂದು ಅವಳೇ ಬರೆದಿದ್ದಳು. ಬೇಕಾದ ವಿಶ್ರಾಂತಿಯೇ ಸೊನ್ನೆಯಾದರೆ ಯಾವ ಪಾಳಿಯೂ ತಪ್ಪಲ್ಲ. ಮುಷ್ಕರದಲ್ಲಿ ಕಂಪನಿ ಗೇಟಿನ ಮುಂದೆ ಘೋಷಣೆ ಕೂಗಿ ಗಂಟಲು ಹರಿದುಕೊಂಡವಳು, ಗೊತ್ತಿಲ್ಲದಾಗ ಎಲ್ಲ ಸರಿ ಎನ್ನುವ ಪ್ರೋಗ್ರಾಮು ಬರೆದಿದ್ದಳು.

ಅಲ್ಲೇ ಸ್ಟೂಲು ಎಳೆದುಕೊಂಡು, ಪೆನ್‌ಡ್ರೈವಿನಲ್ಲಿದ್ದ ಮೂಲ ಫೈಲುಗಳನ್ನು ತೆರೆದು ಕೂತಳು. ನಿಯಮ ಸಿಗದಿದ್ದರೆ ಸಿಗಲಿಲ್ಲವೆಂದು ಹೇಳಿ ನಿಲ್ಲುವಂತೆ ಮಾಡಿದಳು. ಬೇಕೆಂದೇ ಫೈಲು ತೆಗೆದು ಓಡಿಸಿದಳು, ನಿಂತಿತು. ಫೈಲು ಸೇರಿಸಿ ಹೊಸದಾಗಿ ಪ್ಯಾಕೇಜು ಕಟ್ಟಿ, ಹಳೆಯದನ್ನು ಕಿತ್ತುಹಾಕಿ, ಪಕ್ಕದಲ್ಲಿ ಯಾವ ಫೈಲೂ ಬಿದ್ದಿರದ ಖಾಲಿ ಫೋಲ್ಡರಿನಿಂದ ಮತ್ತೆ ಓಡಿಸಿದಳು. ಲೋಪದ ದಿನಗಳು ಒಂದರ ಕೆಳಗೊಂದು ಇಳಿದವು.

ಮರುದಿನ ಅಧಿಕಾರಿಯ ಕೋಣೆಯಲ್ಲೂ ಹಾಗೆಯೇ ಇಳಿದವು. ಕಂಬಕ್ಕೆ ಗುದ್ದಿದ ದಿನವೂ ಅದರಲ್ಲಿತ್ತು. ಇನ್ನೊಮ್ಮೆ ಓಡಿಸಿ ಎಂದ, ಅದೇ ಬಂತು. ಕೊನೆಗೆ ನೌಕರಿ ಉಳಿಯಿತು, ಮೈದುನನನ್ನು ಮಾತ್ರ ಬೇರೆ ಡಿಪೋಗೆ ಎತ್ತಿಹಾಕಿದರು.

ಹೊರಗೆ ಬಂದವನು ಥ್ಯಾಂಕ್ಸ್ ಗೀಂಕ್ಸ್ ಬಿಟ್ಟು ದೂರು ಶುರುಮಾಡಿದ.

“ಆ ಡಿಪೋಗೆ ಎರಡು ಬಸ್ ಹತ್ತಿ ಹೋಗ್ಬೇಕು ಅತ್ತಿಗೆ.”

“ಹತ್ತು. ಕಿಟಕಿಗೆ ಒರಗಿ ಮಲ್ಕೋ. ಅದನ್ನ ಓಡಿಸೋನು ಬೇರೆಯವನು.”