ಕುಡಿಯದವಳ ಲಿವರು

ಡಾಕ್ಟರು ದ್ವಾರಕಾನಾಥ್ ಆ ಪ್ರಶ್ನೆಯನ್ನು ಅಂಜನಮ್ಮನಿಗೆ ಕೇಳಲಿಲ್ಲ. ಅವಳ ಬಲಪಕ್ಕೆ ಒತ್ತಿ ನೋಡಿ, ರಕ್ತದ ರಿಪೋರ್ಟನ್ನು ಎರಡು ಸಲ ಓದಿ, ಪಕ್ಕದಲ್ಲಿ ನಿಂತಿದ್ದ ಅವಳ ಗಂಡನ ಮುಖ ನೋಡಿದರು.

"ಮನೇವ್ರು ಕುಡೀತಾರೇನಪ್ಪ?"

ಚಿಕ್ಕಬೈರಪ್ಪ ತಬ್ಬಿಬ್ಬಾದ. "ನಾನಾ ಸಾರ್? ಅಬ್ಬದಾಗೆ ಒಂಚೂರು..."

"ನಿನ್ನ ವಿಷಯ ಅಲ್ಲಯ್ಯ, ಇವ್ರದ್ದು ಕೇಳ್ತಿರೋದು. ಲಿವರ್ ಊದ್ಕೊಂಡಿದೆ. ಕುಡಿಯೋರಿಗೆ ಹೀಗಾಗತ್ತೆ. ಮೊದ್ಲು ಬಿಡಿಸು, ಆಮೇಲೆ ಔಷಧಿ."

ಅಂಜನಮ್ಮನಿಗೆ ಮಾತು ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ಅವಳು ಬಂದದ್ದು ಬಲಪಕ್ಕೆಯ ಕೆಳಗೆ ಆರು ತಿಂಗಳಿಂದ ಕಲ್ಲಿಟ್ಟ ಹಾಗಾಗುತ್ತಿದೆ, ಎರಡು ಮೆಟ್ಟಿಲು ಹತ್ತಿದರೆ ಸುಸ್ತು ಎಂದು ಹೇಳುವುದಕ್ಕೆ. ಪೀಣ್ಯದ ಆ ಕ್ಲಿನಿಕ್ಕಿನಿಂದ ಲಗ್ಗೆರೆಯ ಮನೆಯವರೆಗೆ ಗಂಡ ಮುಂದೆ, ಹೆಂಡತಿ ಹತ್ತು ಹೆಜ್ಜೆ ಹಿಂದೆ ನಡೆದರು.

ಸಾರಾಯಿ ಎಂದರೆ ಏನೆಂದು ಅಂಜನಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ಅಪ್ಪ ಹನುಮಯ್ಯ ಕುಡಿದು ಕುಡಿದು, ಕಣ್ಣು ಅರಿಸಿನವಾಗಿ, ಹೊಟ್ಟೆ ಬಾನಿಯಂತೆ ಉಬ್ಬಿ ಸತ್ತವನು. ಆಗ ಅವಳಿಗೆ ಹನ್ನೆರಡು ವರ್ಷ. ಅಂದಿನಿಂದ ಸಾರಾಯಿ ಅಂಗಡಿಯ ಮುಂದೆ ಹಾಯುವಾಗಲೂ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು.

ಮದುವೆಯಾಗಿ ಲಗ್ಗೆರೆಗೆ ಬಂದ ಮೇಲೆ ಹೊಲವೇ ಅವಳ ಮನೆಯಾಗಿತ್ತು. ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿ ಹೊಲದಲ್ಲಿ ಕಳೆ ಕೀಳುವುದು, ಸೊಪ್ಪು ಕೊಯ್ದು ಕುಕ್ಕೆ ಹೊತ್ತು ಯಶವಂತಪುರದವರೆಗೆ ನಡೆಯುವುದು, ಮಧ್ಯಾಹ್ನಕ್ಕೆ ಮುದ್ದೆ ನುಂಗುವುದು. ಆಗ ಅವಳ ತೋಳು ಹಗ್ಗದ ಹಾಗಿತ್ತು. ಆಮೇಲೆ ಎಪ್ಪತ್ತರ ದಶಕದಲ್ಲಿ ಸರ್ಕಾರ ಕಾರ್ಖಾನೆಗಳಿಗೆಂದು ಹೊಲವನ್ನೆಲ್ಲ ತೆಗೆದುಕೊಂಡಿತು. ಉಳಿದ ತುಂಡು ಜಾಗದಲ್ಲಿ ಚಿಕ್ಕಬೈರಪ್ಪ ಸಾಲಾಗಿ ಕೋಣೆ ಕಟ್ಟಿಸಿ ಫ್ಯಾಕ್ಟರಿ ಕೆಲಸದವರಿಗೆ ಬಾಡಿಗೆಗೆ ಕೊಟ್ಟ. ಅಂಜನಮ್ಮನಿಗೆ ಮಾಡಲು ಕೆಲಸವೇ ಇಲ್ಲವಾಯಿತು. ಜಗಲಿಯ ಮೇಲೆ ಕೂತು ನಲ್ಲಿ ಜಗಳ ಬಿಡಿಸುವುದು, ಬಾಡಿಗೆಯ ಹೆಂಗಸರು ಕೊಟ್ಟ ಸಕ್ಕರೆ ಕಾಫಿ ಕುಡಿಯುವುದು, ಬೇಕರಿಯ ಬನ್ನು ಅದ್ದಿ ತಿನ್ನುವುದು. ಮುದ್ದೆ ಹೋಗಿ ಎರಡು ಹೊತ್ತೂ ಬೆಳ್ಳನೆ ಅನ್ನ ಬಂತು. ಹತ್ತು ವರ್ಷದಲ್ಲಿ ಬಳೆ ಅಳತೆ ಮೂರು ಸಲ ಬದಲಾಯಿತು. "ಮೈ ಕೈ ತುಂಬ್ಕಂಡವ್ಳೆ, ಲಕ್ಸ್ಮಿ ಬಂದಂಗೆ ಅವ್ಳೆ" ಎಂದು ನೆರೆಮನೆ ಮುನಿಯಕ್ಕ ಎಲ್ಲರೆದುರು ಹೊಗಳುತ್ತಿದ್ದಳು.

ಅದೇ ಮುನಿಯಕ್ಕನ ಕಿವಿಗೆ ಕ್ಲಿನಿಕ್ಕಿನ ಮಾತು ಎರಡೇ ದಿನದಲ್ಲಿ ಬಿತ್ತು. ಹೇಗೆ ಬಿತ್ತೋ ಗೊತ್ತಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಅಂಜನಮ್ಮ ಬಂದಾಗ ಸುಮ್ಮನಾಗತೊಡಗಿದರು.

ಅವಳು ತನ್ನೊಳಗೇ ಹುಡುಕಿದಳು. ಬಾಣಂತನದಲ್ಲಿ ಅತ್ತೆ ಕುಡಿಸಿದ, ಸಾರಾಯಿಯಂತೆ ಘಾಟು ಹೊಡೆಯುತ್ತಿದ್ದ ಅರಿಷ್ಟ ಇಷ್ಟು ವರ್ಷ ಒಳಗೇ ಕೂತಿತ್ತೇ? ಯಾರಾದರೂ ಕಾಫಿಯಲ್ಲಿ ಏನಾದರೂ ಬೆರೆಸಿದರೇ? ಅಥವಾ ಅಪ್ಪ ಕುಡಿದದ್ದು ರಕ್ತದಲ್ಲಿ ಹರಿದು ಮಗಳಿಗೆ ಬಂತೇ? ಕುಡಿಯದೆಯೂ ಕುಡುಕರ ರೋಗ ಬರುವುದಾದರೆ, ಅಪ್ಪನನ್ನು ಇಷ್ಟು ವರ್ಷ ಬೈದುಕೊಂಡದ್ದು ಸರಿಯೇ ತಪ್ಪೇ?

ಒಂದು ಮಧ್ಯಾಹ್ನ ಒಳಗೆ ಬಂದಾಗ ಗಂಡ ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ ಮೊಣಕೈವರೆಗೆ ಕೈ ಹಾಕಿ ತಡಕುತ್ತಿದ್ದ. ಅವಳನ್ನು ಕಂಡು ಕೈ ಎಳೆದುಕೊಂಡ.

"ಏನ್ ಉಡುಕ್ತಿದೀಯ?"

ಚಿಕ್ಕಬೈರಪ್ಪ ತಲೆ ತಗ್ಗಿಸಿದ. "ನೋಡಮ್ಮಿ, ನಾನ್ ಬೈಯಾಕಿಲ್ಲ. ಕೆಲ್ಸಿಲ್ದೆ ಬೇಜಾರಾಗಿ ಏನಾರ ಅಭ್ಯಾಸ ಆಗಿದ್ರೆ ಏಳ್ಬಿಡು. ಇಬ್ರೂ ಸೇರಿ ಬಿಡಿಸ್ಕೊಳ್ಳಾನ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಮೆದು ಮಾತನ್ನು ತಡೆಯಲಾಗಲಿಲ್ಲ. ದೇವರ ಗೂಡಿನಿಂದ ಕರ್ಪೂರ ತೆಗೆದು ಅಂಗೈ ಮೇಲಿಟ್ಟು ಕಡ್ಡಿ ಗೀರಿದಳು. "ಒಂದು ತೊಟ್ಟು ಮುಟ್ಟಿದ್ರೆ ಈ ಕೈ ಉರ್ದೋಗ್ಲಿ." ಅವನು ಹಾರಿ ಬಂದು ಕೈ ತಟ್ಟಿ ಉರುಳಿಸುವಷ್ಟರಲ್ಲಿ ಚರ್ಮ ಬೊಬ್ಬೆಯೆದ್ದಿತ್ತು.

ಅಂದೇ ಸಂಜೆ ಚಿಕ್ಕಬೈರಪ್ಪ ಒಬ್ಬನೇ ಡಾಕ್ಟರ ಮುಂದೆ ನಿಂತ. "ಅವ್ಳು ಸುಳ್ಳೇಳಾಕಿಲ್ಲ ಸಾರ್. ನಿಮ್ ಕಾಗ್ದಾನೇ ಏನೋ ತಪ್ಪೇಳ್ತೈತೆ." ದ್ವಾರಕಾನಾಥ್ ರೇಗಲಿಲ್ಲ. ರಿಪೋರ್ಟನ್ನು ಮತ್ತೊಮ್ಮೆ ಓದಿ, ಸಿಟಿಯೊಳಗಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಹೊಸದಾಗಿ ಸ್ಕ್ಯಾನಿಂಗ್ ಮೆಷಿನ್ನು ಬಂದಿತ್ತು.

ಅಲ್ಲಿನ ಡಾಕ್ಟರು ಪ್ರಭಾ, ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಹೊಟ್ಟೆಗೆ ತಣ್ಣನೆಯ ಅಂಟು ಬಳಿದು, ಕೈಯಲ್ಲಿದ್ದ ಉಪಕರಣವನ್ನು ಒತ್ತಿ ಆಡಿಸುತ್ತ ಮಂಜು ಮಂಜಾದ ಪರದೆ ತೋರಿಸಿದಳು.

"ನೋಡಿ, ಲಿವರ್ ಇಷ್ಟು ಬೆಳ್ಳಗೆ ಕಾಣ್ಬಾರ್ದು. ಇದು ಕೊಬ್ಬು."

"ನಾನ್ ಬಾಡು ತಿನ್ನಾದು ಅಬ್ಬಕ್ಕೆ ಮಾತ್ರ. ಕೊಬ್ಬು ಎಂಗ್ ಬತ್ತದವ್ವ?"

"ಅನ್ನ, ಸಕ್ಕರೆ ಮೈಯಲ್ಲಿ ಖರ್ಚಾಗದೆ ಉಳಿದ್ರೆ ಅದೂ ಕೊಬ್ಬಾಗತ್ತೆ ಅಮ್ಮ. ಲಿವರಲ್ಲಿ ಹೋಗಿ ಕೂರತ್ತೆ. ನಿಮ್ಗೆ ಸಕ್ಕರೆ ಕಾಯಿಲೆನೂ ಹೊಸ್ತಿಲಲ್ಲಿ ನಿಂತಿದೆ."

"ಅಂಗಾರೆ ನಾನ್ ಕುಡ್ದಿಲ್ಲ?"

ಪ್ರಭಾ ಅವಳ ಸುಟ್ಟ ಅಂಗೈ ನೋಡಿದಳು. "ಕುಡಿದಿಲ್ಲ. ಕುಡಿಯದೇ ಇರೋರಿಗೂ ಬರತ್ತೆ. ಡಾಕ್ಟರುಗಳೇ ಈಚೆಗೆ ಸರಿಯಾಗಿ ಗಮನಿಸ್ತಿರೋ ವಿಷಯ ಇದು. ಹೆಸರೇ ಇನ್ನೂ ಎಲ್ಲರ ಬಾಯಲ್ಲಿ ಕೂತಿಲ್ಲ."

"ಔಸ್ದಿ?"

"ಔಷಧಿ ಇಲ್ಲ. ದಿನಾ ಬಿರುಸಾಗಿ ನಡೀರಿ. ಸಕ್ಕರೆ, ಬನ್ನು ಬಿಡಿ. ಅನ್ನ ಕಮ್ಮಿ ಮಾಡಿ. ನಿಧಾನವಾಗಿ ತೂಕ ಇಳೀಲಿ, ಉಪವಾಸ ಬೇಡ."

ಹೆಸರಿಲ್ಲದ, ಔಷಧಿಯಿಲ್ಲದ, ಅನ್ನದಿಂದ ಬರುವ ರೋಗ! ಬಸ್ಸಿನಲ್ಲಿ ಅವಳು ಗಂಡನನ್ನು ಕೇಳಿದಳು, "ನಿಂಗೇನಾರ ತಿಳೀತಾ?"

"ನೀನ್ ಕುಡ್ದಿಲ್ಲ ಅಂಬೋದು ತಿಳೀತು" ಎಂದ ಚಿಕ್ಕಬೈರಪ್ಪ. "ವಾಡೆಗೆ ಕೈ ಆಕಿದ್ದು ಮರ್ತ್ಬಿಡಮ್ಮಿ."

ಅವಳು ಮರೆಯಲಿಲ್ಲ, ಆದರೆ ಆ ಮಾತನ್ನು ಮತ್ತೆ ಎತ್ತಲೂ ಇಲ್ಲ. ಮಾರನೆಯ ದಿನದಿಂದ ಬೆಳಿಗ್ಗೆ ಶಿಫ್ಟಿನ ಸೈರನ್ನಿಗೆ ಮುಂಚೆ ನಡೆಯತೊಡಗಿದಳು. ಎಲ್ಲಿಗೂ ಹೋಗಬೇಕಿಲ್ಲದೆ ನಡೆಯುವುದಕ್ಕೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಕೈಯಲ್ಲಿ ಬರಿದೇ ಒಂದು ಕುಕ್ಕೆ ಹಿಡಿದು ಹೋಗುತ್ತಿದ್ದಳು. ಕಾಫಿ ಸಪ್ಪಗಾಯಿತು, ಮಧ್ಯಾಹ್ನಕ್ಕೆ ಮತ್ತೆ ಚಿಕ್ಕ ಮುದ್ದೆ, ಸೊಪ್ಪಿನ ಸಾರು ಬಂತು.

ಒಂದು ವರ್ಷದ ಮೇಲೆ ಮತ್ತೆ ಸ್ಕ್ಯಾನಿಂಗ್ ಮಾಡಿಸಿದಾಗ ಪರದೆಯಲ್ಲಿ ಆ ಬಿಳುಪು ಕಮ್ಮಿಯಾಗಿತ್ತು. ಪೂರ್ತಿ ಹೋಗಿರಲಿಲ್ಲ. ದ್ವಾರಕಾನಾಥ್ ಹೊಸ ರಿಪೋರ್ಟು ನೋಡಿ, "ತಪ್ಪು ನಂದಮ್ಮ, ದುಡುಕಿ ಅಂದ್ಬಿಟ್ಟೆ" ಎಂದರು. ಆ ಮಾತಿಗೆ ಸಿಟ್ಟು ಮಾಡಿಕೊಳ್ಳಬೇಕೋ ಅವರಿಗೆ ಕೈ ಮುಗಿಯಬೇಕೋ ತಿಳಿಯದೆ ಅಂಜನಮ್ಮ ಎದ್ದು ಬಂದಳು.

ನಲ್ಲಿಯ ಹತ್ತಿರ ಮುನಿಯಕ್ಕ ಅವಳ ಇಳಿದ ಮೈಯನ್ನು ಮೇಲಿಂದ ಕೆಳಗೆ ನೋಡಿ, ತೋಳು ಹಿಡಿದು ಪಕ್ಕಕ್ಕೆ ಕರೆದಳು. ಕಣ್ಣಲ್ಲಿ ನಿಜವಾದ ಅಕ್ಕರೆಯಿತ್ತು.

"ಬಿಟ್ಬಿಟ್ಟೆ ಅಲ್ವಾ? ಒಳ್ಳೇದಾಯ್ತು ಬಿಡವ್ವ. ನೋಡು, ಎಂಗ್ ಗುಣ ಆದೆ!"

ಅಂಜನಮ್ಮ ಬಾಯಿ ತೆರೆದಳು. ಕೊಬ್ಬು, ಅನ್ನ, ಸಕ್ಕರೆ, ಪರದೆಯ ಬಿಳುಪು, ಎಲ್ಲಿಂದ ಶುರು ಮಾಡಬೇಕೆಂದು ಹೊಳೆಯಲಿಲ್ಲ. ತನಗೇ ಅರ್ಧ ತಿಳಿದದ್ದನ್ನು ಇವಳಿಗೆ ಹೇಗೆ ತಿಳಿಸುವುದು? ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು ಮನೆ ಕಡೆ ನಡೆದಳು.