ಗೇಣು ಮೇಸ್ತ್ರಿ ಹಾಕಿದ ಫಿಲ್ಟರ್

ಕಾರಿನ ಏರ್ ಫಿಲ್ಟರ್ ಬದಲಾಯಿಸುವಾಗ ಡಬ್ಬಿಯ ಮೇಲಿನ ನಂಬರ್ ನೋಡುವ ಅಭ್ಯಾಸ ಆ ಮೇಸ್ತ್ರಿಗೆ ಇರಲೇ ಇಲ್ಲ. ಹಳೇ ಫಿಲ್ಟರಿನ ಮೇಲೆ ಹೆಬ್ಬೆರಳೂರಿ ಒಂದು ಗೇಣು ಹಾಕುತ್ತಿದ್ದ, ಮಿಕ್ಕಿದ್ದಕ್ಕೆ ಎರಡೋ ಮೂರೋ ಬೆರಳು ಸೇರಿಸುತ್ತಿದ್ದ, ಆ ಅಳತೆಯನ್ನು ಗಾಳಿಯಲ್ಲಿ ಹಿಡಿದುಕೊಂಡೇ ಎದುರಿನ ಬಿಡಿಭಾಗದ ಅಂಗಡಿಗೆ ನಡೆಯುತ್ತಿದ್ದ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಬೆರಳು ಮಡಿಸದೆಯೇ ಉತ್ತರ. ಹಾಗಾಗಿ ಬೀದಿಗೆಲ್ಲ ಆತ ಗೇಣು ಮೇಸ್ತ್ರಿ.

“ನಂಬರ್ ನೋಡ್ಕೊಂಡು ಹಾಕೋದಾದ್ರೆ ನಮ್ಮತ್ತೆನೂ ಹಾಕ್ತಾರೆ, ನಾನ್ಯಾಕೆ ಬೇಕು?” ಅನ್ನುತ್ತಿದ್ದ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವನು, ಇಪ್ಪತ್ತೆಂಟು ವರ್ಷದಿಂದ ಸ್ಪ್ಯಾನರ್ ಹಿಡಿದವನು. ಕೆಲಸದಲ್ಲಿ ಕೈ ಚುರುಕು, ಕೈಗಿಂತ ನಾಲಗೆ ಚುರುಕು, ಮೂಗಿನ ತುದಿಯಲ್ಲೇ ಸಿಟ್ಟು.

ಆ ಸಿಟ್ಟಿಗೆ ಒಂದು ದಿನ ಬೆಳಿಗ್ಗೆ ಸಿಕ್ಕಿಬಿದ್ದವರು ನರ್ಸಮ್ಮ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಹುಣ್ಣು ತೊಳೆದು ಬ್ಯಾಂಡೇಜ್ ಕಟ್ಟುವ ಹೆಂಗಸು. ಆಕೆಯ ಹಳೇ ಸಣ್ಣ ಕಾರು ದಿನವೂ ಕಲ್ಲು ಒಡೆಯುವ ಕ್ರಷರ್ ಪಕ್ಕದಲ್ಲೇ ಓಡಬೇಕು. ಕಾರಿನ ಹೊಗೆ ನಿಲ್ಲುತ್ತಿಲ್ಲವೆಂದು ಆಕೆ ಬಂದದ್ದು ಅದು ಮೂರನೇ ಸಲ.

“ಆಯಿಲ್ ಹಾಕಿದಷ್ಟೂ ಕುಡೀತಿದೆ ಮೇಸ್ತ್ರಿ. ಏರು ಬಂದ್ರೆ ಹತ್ತೋದೇ ಇಲ್ಲ.”

ಮೇಸ್ತ್ರಿ ಫಿಲ್ಟರ್ ಹೊರಗೆಳೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಗ್ಯಾರೇಜಿನ ಬಾಗಿಲಲ್ಲಿ ಪೇಂಟರ್ ಮತ್ತು ಪಂಕ್ಚರ್ ಅಂಗಡಿಯವನು ಚಹಾ ಕುಡಿಯುತ್ತ ಕೂತಿದ್ದರು. ನೋಡುವವರಿದ್ದರೆ ಮೇಸ್ತ್ರಿಯ ದನಿ ತಾನಾಗಿಯೇ ಏರುತ್ತಿತ್ತು.

“ನೋಡಿ ಇದನ್ನ. ನಾನು ಹಾಕಿ ವರ್ಷ ಆಯ್ತು, ಹೊಸ ಅಂಗಿ ಹಾಗಿದೆ. ಕೆಟ್ಟಿರೋದು ಗಾಡಿ ಅಲ್ಲಮ್ಮ, ಓಡಿಸೋರು. ಊರೆಲ್ಲ ಫಸ್ಟ್ ಗೇರಲ್ಲೇ ಎಳೆದ್ರೆ ಎಂಜಿನ್ ಎಷ್ಟು ದಿನ ಬದುಕುತ್ತೆ?”

“ನಾನು ಹತ್ತೊಂಬತ್ತು ವರ್ಷದಿಂದ ಓಡಿಸ್ತಿದೀನಿ.”

“ಹತ್ತೊಂಬತ್ತು ವರ್ಷದಿಂದ ಕೆಡಿಸ್ತಿದೀರಿ ಅನ್ನಿ.”

ಪೇಂಟರ್ ಚಹಾ ತುಳುಕುವಂತೆ ನಕ್ಕ. ನರ್ಸಮ್ಮ ಕಿವಿವರೆಗೂ ಕೆಂಪಾಗಿ ಚಾವಿಯನ್ನು ಮೇಜಿನ ಮೇಲಿಟ್ಟು, ಔಷಧಿ ಚೀಲ ಹೆಗಲಿಗೇರಿಸಿ ಹೊರಟುಹೋದರು.

ಮಧ್ಯಾಹ್ನ ಊಟ ಮುಗಿಸಿ ಬಂದ ಮೇಸ್ತ್ರಿ, ಈ ಹೊಗೆಯ ಹುಟ್ಟಡಗಿಸಿಯೇ ಬಿಡೋಣವೆಂದು ಫಿಲ್ಟರ್ ಪೆಟ್ಟಿಗೆಯಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿಚ್ಚಿದ. ಒಳಗೆ ಬೆರಳಾಡಿಸಿದರೆ ಕಲ್ಲಿನ ಧೂಳು, ಹಿಟ್ಟಿನಷ್ಟು ನುಣ್ಣಗೆ. ಫಿಲ್ಟರ್ ದಾಟಿದ ಮೇಲಿನ ಜಾಗ ಅದು. ಅಲ್ಲಿ ಧೂಳಿನ ಕಣವೂ ಇರಬಾರದು.

ಫಿಲ್ಟರನ್ನು ಮತ್ತೆ ಪೆಟ್ಟಿಗೆಯಲ್ಲಿ ಕೂರಿಸಿ ಟಾರ್ಚ್ ಬಿಟ್ಟ. ಒಂದು ಪಕ್ಕದಲ್ಲಿ ಅರ್ಧ ಬೆರಳಿನಷ್ಟು ಸಂದು. ಆಗ ನೆನಪಾಯಿತು. ವರ್ಷದ ಹಿಂದೆ ಈ ಫಿಲ್ಟರ್ ಕೊಳ್ಳುವಾಗ ಬಿಡಿಭಾಗದ ಅಂಗಡಿಯವನು “ಇದರ ನಂಬರ್ ಬೇರೆ ಕಣಣ್ಣ” ಅಂದಿದ್ದ. “ನನಗೆ ಹೇಳ್ಕೊಡ್ಬೇಡ” ಎಂದು ಅವನ ಬಾಯಿ ಮುಚ್ಚಿಸಿ, ಉಳಿದ ಸಂದಿಗೆ ಸ್ಪಂಜಿನ ಪಟ್ಟಿ ತುರುಕಿದ್ದು ಇದೇ ಕೈ. ಸ್ಪಂಜು ಎಂಜಿನ್ನಿನ ಬಿಸಿಗೆ ಪುಡಿಪುಡಿಯಾಗಿತ್ತು. ವರ್ಷವಿಡೀ ಗಾಳಿಯೆಲ್ಲ ಆ ಸಂದಿನಲ್ಲೇ ನುಗ್ಗಿ, ಧೂಳನ್ನು ಸೀದಾ ಎಂಜಿನ್ನಿಗೆ ಸುರಿದಿತ್ತು. ಫಿಲ್ಟರ್ ಹೊಸದರ ಹಾಗಿತ್ತು, ಯಾಕೆಂದರೆ ಅದು ಒಂದು ದಿನವೂ ಕೆಲಸ ಮಾಡಿರಲಿಲ್ಲ. ಅದನ್ನೇ ಸಾಕ್ಷಿಯೆಂದು ಮೂರು ಸಲ ಆಕೆಯ ಮುಖದ ಮುಂದೆ ಹಿಡಿದಿದ್ದ.

ಮೇಸ್ತ್ರಿ ಸುತ್ತ ಕಣ್ಣಾಡಿಸಿದ. ಯಾರೂ ನೋಡುತ್ತಿರಲಿಲ್ಲ. ಬಟ್ಟೆ ತಗೊಂಡು ಕೊಳವೆಯೊಳಗಿನ ಧೂಳು ಒರೆಸತೊಡಗಿದ. ಅರ್ಧ ಒರೆಸಿದ ಮೇಲೆ ತಾನೇನು ಮಾಡುತ್ತಿದ್ದೇನೆಂದು ತನಗೇ ಹೊಳೆದು, ಬಟ್ಟೆಯನ್ನು ಮೂಲೆಗೆಸೆದ.

ಸಂಜೆ ನರ್ಸಮ್ಮನ ಮನೆ ಬಾಗಿಲಿಗೆ ಹೋಗಿ, ಹೊಸಿಲಾಚೆಯೇ ನಿಂತು, ನೆಲ ನೋಡುತ್ತ ನಡೆದದ್ದೆಲ್ಲ ಹೇಳಿದ. ಆಕೆ ಪೂರ್ತಿ ಕೇಳಿಸಿಕೊಂಡರು.

“ಬೈದಿದ್ದು ಬೀದಿಗೆಲ್ಲ ಕೇಳೋ ಹಾಗೆ. ತಪ್ಪು ಮಾತ್ರ ನನ್ನ ಬಾಗಿಲಲ್ಲಿ ಪಿಸುಗುಡ್ತೀರಾ?”

ಅಭ್ಯಾಸಬಲದಿಂದ ಮೇಸ್ತ್ರಿಯ ಸಿಟ್ಟು ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, ಬಂದ ದಾರಿಯಲ್ಲೇ ಹೊರಟ.

ಮರುದಿನ ಪೇಂಟರ್ ಬಂದವನೇ ಕೆಣಕಿದ. “ಏನಣ್ಣ, ನರ್ಸಮ್ಮಂಗೆ ಗೇರ್ ಹಾಕೋದು ಕಲಿಸಿದ್ಯಾ?”

ಮೇಸ್ತ್ರಿ ಬಾನೆಟ್ಟಿನೊಳಗೆ ತಲೆಯಿಟ್ಟುಕೊಂಡೇ ಏನೋ ಗೊಣಗಿದ.

“ಏನಂದೆ? ಕೇಳಿಸ್ಲಿಲ್ಲ.”

ತಲೆ ಹೊರಗೆ ತೆಗೆಯಲೇಬೇಕಾಯಿತು. “ಗಾಡಿ ಕೆಡಿಸಿದ್ದು ನಾನು ಕಣೋ. ಫಿಲ್ಟರ್ ಸಣ್ಣದು ಹಾಕಿದ್ದೆ. ಆಯಮ್ಮಂದೇನೂ ತಪ್ಪಿಲ್ಲ.”

ಪಂಕ್ಚರ್ ಅಂಗಡಿಯವನು ತನ್ನ ಲೋಟದೊಳಗೆ ಇಣುಕಿದ. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮೇಸ್ತ್ರಿಗೆ. ಅಷ್ಟರಲ್ಲಿ ನರ್ಸಮ್ಮ ಬಾಗಿಲಲ್ಲಿ ನಿಂತಿದ್ದರು. ಮಾತು ಅವರ ಕಿವಿಗೂ ಬಿದ್ದಿತ್ತು.

“ಎಷ್ಟು ದಿನ ಬೇಕು?” ಎಂದು ಕೇಳಿದರು.

“ಎಂಜಿನ್ ಇಳಿಸ್ಬೇಕಮ್ಮ. ಹತ್ತು ದಿನ. ಅಲ್ಲೀವರೆಗೆ ನನ್ನ ಕಾರ್ ತಗೊಂಡು ಹೋಗಿ.” ಜೇಬಿನಿಂದ ಚಾವಿ ತೆಗೆದು ಚಾಚಿದ.

“ಅದರ ಫಿಲ್ಟರ್ ಯಾರು ಹಾಕಿದ್ದು?”

“…ನಾನೇ.”

“ಹಾಗಾದ್ರೆ ಬೇಡ, ನಡ್ಕೊಂಡೇ ಹೋಗ್ತೀನಿ.”

ಆಕೆ ವ್ಯಂಗ್ಯಕ್ಕೆ ಹೇಳಿದ್ದಲ್ಲ, ನಿಜಕ್ಕೂ ಹೆದರಿಯೇ ಹೇಳಿದ್ದು. ಅದು ಮೇಸ್ತ್ರಿಗೆ ಅರ್ಥವಾಯಿತು. ಎಂಜಿನ್ನಿನ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಆಮೇಲೆ ಗಿರಾಕಿಗಳು ಬಂದು ಕೂಗಿದರೂ ಮಧ್ಯಾಹ್ನದವರೆಗೆ ತಲೆ ಎತ್ತಲಿಲ್ಲ.